ಐದು ಮೆಟ್ಟಿಲು

"ತಗ್ಸಿ, ತಗ್ಸಿ... ಹಾಂ, ಬಿಡಿ ಇನ್ನು!"

ರಂಗಮಂದಿರದ ಬಡಗಿ ಎರಡು ಉದ್ದನೆಯ ಹಲಗೆಗಳನ್ನು ಐದು ಮೆಟ್ಟಿಲುಗಳ ಮೇಲೆ ಇಳಿಜಾರಾಗಿ ಹಾಸಿದ. ಹತ್ತೇ ನಿಮಿಷದ ಕೆಲಸ. ನಾಟಕದ ಸಾಮಾನು ಸಾಗಿಸುವ ಗಾಡಿಯಲ್ಲಿ ಟೈಲರನ ಶವಪೆಟ್ಟಿಗೆ ಸಲೀಸಾಗಿ ಒಳಗೆ ಹೋಯಿತು. ಹನ್ನೊಂದು ವರ್ಷ ಕಲಾ ಸಲಹಾ ಸಮಿತಿಯಲ್ಲಿ ಪುಕ್ಕಟೆ ದುಡಿದವನಿಗೆ ಇಷ್ಟಾದರೂ ಗೌರವ ಬೇಡವೇ ಎಂದು ಸಮಿತಿಯ ಅಧ್ಯಕ್ಷರು ಆಸ್ಪತ್ರೆಯಿಂದ ನೇರ ಇಲ್ಲಿಗೇ ತರಿಸಿದ್ದರು.

ಒಬ್ಬ ಹಿರಿಯರು ಹಲಗೆಗೆ ಎಡವಿದರು.

"ತೆಗೀರಿ ಅದನ್ನ, ಯಾರಾದ್ರೂ ಬಿದ್ರೆ ಕಷ್ಟ," ಎಂದರು ಅಧ್ಯಕ್ಷರು. ಬಡಗಿ ಹಲಗೆಗಳನ್ನು ಗೋಡೆಗೆ ಒರಗಿಸಿದ.

ಕಾಲು ಗಂಟೆಯ ನಂತರ ಟೈಲರನ ಹೆಂಡತಿ ಗಾಲಿಕುರ್ಚಿಯಲ್ಲಿ ಬಂದಳು. ತಳ್ಳುತ್ತಿದ್ದವಳು ಸೋದರಸೊಸೆ, ಅವನ ತಂಗಿಯ ಮಗಳು. ಹೆಂಡತಿ ಇನ್ನೂ ಗಂಡನ ಮುಖ ನೋಡಿರಲಿಲ್ಲ.

"ಅಯ್ಯೋ, ಹೊಳೀಲೇ ಇಲ್ಲ ನೋಡಿ!" ಅಧ್ಯಕ್ಷರು ಕೈ ಕೈ ಹಿಸುಕಿಕೊಂಡರು. "ಪರವಾಗಿಲ್ಲಮ್ಮ, ನಾಲ್ಕು ಜನ ಕುರ್ಚಿ ಸಮೇತ ಎತ್ತಿಬಿಡ್ತಾರೆ."

"ಎತ್ತೋದು ಬೇಡ," ಎಂದಳು ಅವಳು.

*

ಹಿಂದೊಮ್ಮೆ ಎತ್ತಿದ್ದರು. ಆವತ್ತಿನ ನಾಟಕದ ಉಡುಪೆಲ್ಲ ಟೈಲರನೇ ಹೊಲಿದದ್ದು. ಹೆಂಡತಿಗೆ ತೋರಿಸುವ ಉಮೇದು ಅವನಿಗೆ. ಮೂರನೇ ಮೆಟ್ಟಿಲಲ್ಲಿ ಒಬ್ಬನ ಕೈ ಜಾರಿ ಕುರ್ಚಿ ವಾಲಿತು, ಅವಳ ಬಟ್ಟೆ ಮಂಡಿಯಿಂದ ಮೇಲಕ್ಕೆ ಸರಿಯಿತು. ಸಾಲಿನಲ್ಲಿದ್ದವರು ಮರ್ಯಾದೆಯಿಂದ ಬೇರೆ ಕಡೆ ನೋಡಿದರು. ಅವಳಿಗೆ ಅದೇ ಹೆಚ್ಚು ನೋವಾಯಿತು. ನಾಟಕ ನೋಡದೆ ಇಬ್ಬರೂ ಮನೆಗೆ ಮರಳಿದರು.

"ಇನ್ನು ನಿನ್ನನ್ನ ಯಾರೂ ಎತ್ತಬಾರ್ದು ಕಣೇ. ನಿನ್ನ ಗಾಲಿ ಮೇಲೇ ನೀನು ಒಳಗೆ ಹೋಗ್ಬೇಕು," ಎಂದಿದ್ದ ಟೈಲರ್. ಮರುದಿನವೇ ಸಮಿತಿಗೆ ಸೇರಲು ಅರ್ಜಿ ಬರೆದ.

ಕೊರಳಲ್ಲಿ ನೇತಾಡುವ ಟೇಪಿನಿಂದ ಮೆಟ್ಟಿಲು ಅಳೆದು, ಗಾಲಿಕುರ್ಚಿ ಏರುವಂಥ ಇಳಿಜಾರಿನ ನಕ್ಷೆ ಬರೆದುಕೊಂಡು ಸಭೆಗೆ ಹೋದ. ಬಡ ಬಡಾವಣೆಗಳ ಮಕ್ಕಳಿಗೆ ಉಚಿತ ಪ್ರವೇಶ ಕೊಡಿಸಿದ, ಕಿವಿ ಕೇಳದವರಿಗೆ ಸನ್ನೆಯಲ್ಲಿ ಹೇಳುವವರನ್ನು ತರಿಸಿದ. ಮೆಟ್ಟಿಲು ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ. ಪ್ರತಿ ಸಭೆಯಲ್ಲೂ ಅದು ಕೊನೆಯ ವಿಷಯ, ಪ್ರತಿ ನಡಾವಳಿಯಲ್ಲೂ ಒಂದೇ ಸಾಲು: 'ಮುಂದಿನ ಸಭೆಯಲ್ಲಿ ಪರಿಶೀಲಿಸುವುದು.' ಸಮಿತಿಯವರು ಅವನನ್ನು ಮೆಟ್ಟಿಲು ಟೈಲರ್ ಎಂದು ಕರೆದು ನಗುತ್ತಿದ್ದರು. ಅವನೂ ನಗುತ್ತಿದ್ದ.

"ಈ ಸಲ ಆಗೋ ಹಾಗಿದೆ ಕಣೇ," ಎನ್ನುತ್ತಾ ಮನೆಗೆ ಬರುತ್ತಿದ್ದ. ಆಗುವುದಿಲ್ಲವೆಂದು ಅವಳಿಗೆ ಗೊತ್ತಿರುತ್ತಿತ್ತು. ಆದರೂ, "ಹೌದಾ?" ಎನ್ನುತ್ತಿದ್ದಳು.

*

ಒಳಗಿನ ಮೈಕು ಹೊರಗೂ ಕೇಳಿಸುತ್ತಿತ್ತು. "ಕಲೆಯ ಬಾಗಿಲನ್ನು ಸರ್ವರಿಗೂ ತೆರೆದ ಮಹನೀಯರು..."

"ಅತ್ತೆ, ಕಣ್ಮುಚ್ಕೊಂಡು ಒಂದ್ಸಲ ಎತ್ತಿಸ್ಕೊಂಬಿಡಿ," ಸೊಸೆ ಅಂಗಲಾಚಿದಳು. "ಮಾವ ಏನೂ ಅಂದ್ಕೊಳ್ಳಲ್ಲ."

"ಅವ್ರು ಅಂದ್ಕೊಳ್ಳಲ್ಲಮ್ಮ. ನಾನು ಅಂದ್ಕೋತೀನಿ."

ಅಷ್ಟರಲ್ಲಿ ಗೋಡೆಗೆ ಒರಗಿದ್ದ ಹಲಗೆಗಳು ಅವಳ ಕಣ್ಣಿಗೆ ಬಿದ್ದವು. ಅವುಗಳ ಮೇಲೆ ಗಾಲಿಯ ಹಸಿ ಗುರುತಿತ್ತು.

"ಅದೇನಪ್ಪಾ?"

ಬಡಗಿ ತಲೆ ತಗ್ಗಿಸಿದ. "ಯಜಮಾನ್ರನ್ನ ಒಳಗೆ ತಗೊಂಡ್ಹೋಗೋಕೆ ಹಾಕಿದ್ವಿ ಅಮ್ಮ."

"ಎಷ್ಟು ಹೊತ್ತು ಹಿಡೀತು?"

"ಹತ್ತು ನಿಮಿಷ."

ಅವಳಿಗೆ ಅಳು ಬರಲಿಲ್ಲ. ಹನ್ನೊಂದು ವರ್ಷದ ಸಿಟ್ಟು ಬಂತು. "ಹಾಕಪ್ಪಾ ಅದನ್ನ."

ಬಡಗಿ ಅಧ್ಯಕ್ಷರ ಕಡೆ ನೋಡಿದ. "ಭಾಷಣ ಮುಗೀಲಿ. ಈಗ ಸದ್ದಾಗುತ್ತೆ," ಎಂದರು ಅವರು. "ಹೇಗೂ ಆಮೇಲೆ ಕೆಳಗೆ ಬರ್ತಾರಲ್ಲಮ್ಮ. ಇಲ್ಲೇ ನೋಡ್ಬಹುದು."

ಭಾಷಣಗಳು ಮುಗಿದವು, ಚಪ್ಪಾಳೆಯೂ ಬಿತ್ತು. ಬಡಗಿ ಹಲಗೆ ಹಾಸಿದ. ಪೆಟ್ಟಿಗೆ ಹೊತ್ತ ಗಾಡಿ ಬಾಗಿಲಿಗೆ ಬಂತು.

ಅವಳು ಸೊಸೆಯ ಕೈ ಸರಿಸಿ, ಗಾಲಿಗಳನ್ನು ತಾನೇ ತಿರುಗಿಸಿ ಮುಂದಕ್ಕೆ ಬಂದಳು.

"ಅಮ್ಮ, ಸ್ವಲ್ಪ ಹಿಂದಕ್ಕೆ," ಎಂದರು ಅಧ್ಯಕ್ಷರು. "ಗಾಡಿ ಇಳೀಬೇಕು."

"ಅವ್ರನ್ನ ಒಳಗೆ ಕರ್ಕೊಂಡ್ಹೋಗಿ. ನಾನು ಬರ್ತಿದೀನಿ."

ಮೇಲೆ ನಾಲ್ವರು ಜಾರುವ ಗಾಡಿಯನ್ನು ಹಿಂದಕ್ಕೆ ಎಳೆದು ಹಿಡಿದು ನಿಂತಿದ್ದರು. ಕೆಳಗೆ ಅವಳ ಮುಂದಿನ ಎರಡು ಗಾಲಿಗಳು ಹಲಗೆ ಏರಿದ್ದವು.