ಮಹೇಶ್ವರಿ ಮೇಡಂ ‘ಹೌದು’ ಎಂದ ಸಂಜೆ

ನಿವೃತ್ತರಾದ ಮೇಲೆ ಮಹೇಶ್ವರಿ ಮೇಡಂ ಏನು ಮಾಡುತ್ತಿದ್ದಾರೆಂದು ಸಿದ್ದಾಪುರದ ಜೆರಾಕ್ಸ್ ಅಂಗಡಿಯ ಗಿರೀಶನನ್ನು ಕೇಳಿದಾಗ ಅವನು ಯಂತ್ರದಿಂದ ಕಣ್ಣೆತ್ತದೆ, “ಎಂತ ಮಾಡ್ತಾರೆ ಸರ್, ದಿನಾ ನೊಣ ಹೊಡೀತಾರೆ” ಅಂದ. ಮೂವತ್ತು ವರ್ಷ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದ ವಿದುಷಿಗೆ ಇಂಥ ನಿರುದ್ಯೋಗವೇ ಎಂದು ನನ್ನ ಹೃದಯ ಮಿಡಿಯಿತು. ಸಾಹಿತ್ಯ ಬಳಗವೊಂದರ ಅಧ್ಯಕ್ಷನ ಹೃದಯ ಮಿಡಿದರೆ ಅಷ್ಟಕ್ಕೇ ನಿಲ್ಲುವುದಿಲ್ಲ. ಮರುದಿನವೇ ಅವರ ಮನೆಗೆ ಹೋಗಿ, ಬಹುಕಾಲದಿಂದ ಯಾರೂ ಬೇಡವೆಂದು ಖಾಲಿ ಬಿದ್ದಿದ್ದ ಸಹಕಾರ್ಯದರ್ಶಿ ಸ್ಥಾನವನ್ನು ಪರಮ ಔದಾರ್ಯದಿಂದ ಅವರ ಮುಂದಿಟ್ಟೆ. ಅವರು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ, “ಸ್ವಲ್ಪ ತಡೀರಿ, ಕಾಲಿನ ಕೂದಲು ನೋಡ್ತಾ ಇದ್ದೆ” ಎಂದರು. ಗಾಜಿನಡಿ ಇದ್ದದ್ದು ನಿಜವಾದ ನೊಣ. ಗಿರೀಶ ನನ್ನೆದುರು ನುಡಿಗಟ್ಟು ಬಳಸಿರಲಿಲ್ಲ, ಸುದ್ದಿ ಹೇಳಿದ್ದ.

ಸರ್ಕಾರಿ ಬಸ್ಸು ಓಡಿಸುತ್ತಿದ್ದ ತಂದೆಯ ಖಾಕಿ ಕೋಟು ಮೇಡಂ ಅವರ ಸೀರೆಯ ಮೇಲೆ ಸದಾ ಇರುತ್ತದೆ. ಆ ಪುಣ್ಯಾತ್ಮ ಬೀಡಿಕಟ್ಟು ಇಡುತ್ತಿದ್ದ ಜೇಬುಗಳಲ್ಲಿ ಈಗ ನೊಣ ಹಿಡಿದಿಡುವ ಖಾಲಿ ಹೋಮಿಯೋಪತಿ ಸೀಸೆಗಳು ಕಿಣಿಕಿಣಿ ಎನ್ನುತ್ತವೆ. ನಡಿಗೆಯಂತೂ ಗಾಳಿಗೆ ಮೂಗೊಡ್ಡಿ ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುವ ನಡಿಗೆ. ನಾವೆಲ್ಲ ಮೂಗು ಮುಚ್ಚಿ ದಾಟಿಹೋಗುವ ಜಾಗದಲ್ಲೇ ಅವರ ಮುಖ ಅರಳುತ್ತದೆ. ಇನ್ನು ಮಾತು: ಯಾವುದನ್ನು ಕೇಳಿದರೂ “ಹಾಗೆ ಕಾಣ್ತದೆ.” ಊಟ ಆಯ್ತಾ ಮೇಡಂ ಎಂದರೂ, ತೊಳೆದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಲೇ, “ಹಾಗೆ ಕಾಣ್ತದೆ.”

ಅವರು ಬೆನ್ನುಹತ್ತಿದ್ದು ಒಂದು ಕಿತ್ತಳೆ ತಲೆಯ ನೊಣವನ್ನು. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ನಮ್ಮ ಸೀಮೆಯ ಕಾಡಿನಲ್ಲಿ ಯಾರೋ ಪರದೇಶಿ ಅಧಿಕಾರಿ ಅದರ ಒಂದೇ ಒಂದು ಗಂಡನ್ನು ಹಿಡಿದು ವರ್ಣಿಸಿದ್ದನಂತೆ. ಆಮೇಲೆ ಅದು ಯಾರ ಕಣ್ಣಿಗೂ ಬೀಳದ್ದರಿಂದ ಗ್ರಂಥಗಳು ಅದರ ಹೆಸರಿನ ಮುಂದೆ ‘ಅಳಿದಿದೆ’ ಎಂದು ಬರೆದು ಕೈತೊಳೆದುಕೊಂಡಿದ್ದವು. ಹಸಿ ಹೆಣಕ್ಕೆ ಮುತ್ತುವ ಸಾಮಾನ್ಯರ ಸಾಲಿನದಲ್ಲ ಇದು. ಮಾಂಸವೆಲ್ಲ ತೀರಿದ ಮೇಲೆ, ಚಳಿಗಾಲದಲ್ಲಿ, ಒಡೆದ ಎಲುಬಿನೊಳಗಿನ ಮಜ್ಜೆ ಹಳಸಿದಾಗ ಮಾತ್ರ ಬಿಜಯಂಗೈಯುವ ಅತಿಥಿ. ನಾಲ್ಕು ವರ್ಷಗಳ ಹಿಂದೆ ಯಲ್ಲಾಪುರದ ರಸ್ತೆಯಂಚಿನಲ್ಲಿ, ಕಾಡುಹಂದಿಯ ಎಲುಬಿನ ಮೇಲೆ, ಮೇಡಂಗೆ ಒಂದು ಹೆಣ್ಣು ಸಿಕ್ಕಿತ್ತು. ಆದರೆ ಈ ಕುಲದ ಹೆಣ್ಣುನೊಣಗಳು ಒಂದನ್ನೊಂದು ಹೋಲುತ್ತವೆ; ಗಂಡಿನ ಬಾಲದ ತುದಿಯ ಕೊಕ್ಕೆಯನ್ನು ನೋಡದೆ ಜಾತಿ ನಿರ್ಣಯಿಸುವಂತಿಲ್ಲ. ಗಂಡು ಸಿಗುವವರೆಗೆ ನೊಣ ಕಾಡಿನಲ್ಲಿ ಬದುಕಿದ್ದರೂ ಪುಸ್ತಕದಲ್ಲಿ ಸತ್ತೇ ಇರಬೇಕು. ಪತ್ರಿಕೆಯವನೊಬ್ಬ ಬಂದು “ಪತ್ತೆಯಾಯ್ತು ಅಂತ ಹಾಕಲಾ ಮೇಡಂ?” ಎಂದು ಕೇಳಿದ. “ಹಾಗೆ ಕಾಣ್ತದೆ ಅಂತ ಹಾಕಿ” ಎಂದರು. ಅವನು ಏನನ್ನೂ ಹಾಕಲಿಲ್ಲ.

ನಮ್ಮಲ್ಲಿ ದನ, ಕೋಣ ಸತ್ತರೆ ತೆಂಗಿನ ಬುಡಕ್ಕೆ ಹೂಳುವುದು ವಾಡಿಕೆ. ಮರಕ್ಕೆ ಲಾಭ, ನೊಣಕ್ಕೆ ಉಪವಾಸ. ಹೀಗೆ ಮೂರು ಚಳಿಗಾಲ ಬರಿದಾಗಿ ಹೋದ ಮೇಲೆ, ಹೇರೂರಿನ ರೈತ ಮಂಜನ ಮುದಿಕೋಣ ತೀರಿಕೊಂಡ ಸುದ್ದಿ ಕೇಳಿ ಮೇಡಂ ಫೋನು ಮಾಡಿದರು: ಹಿಂಗಾಲಿನ ಎರಡು ಎಲುಬು ಒಡೆದು ಹೊರಗೆ ಬಿಡು, ಒಂದು ತಿಂಗಳು ಜೋಪಾನ.

ತಿಂಗಳು ಕಳೆದು ನನ್ನ ಕಾರಿನಲ್ಲೇ ಹೋದೆವು. ಮಂಜ ಸಗಣಿ ಸಾರಿಸಿದ ಜಗಲಿಯ ಮೇಲೆ ಮಣೆ ಹಾಕಿ, ಬಾಳೆಲೆ ಹಾಸಿ, ಅದರ ಮೇಲೆ ಶಂಖದಂತೆ ಬೆಳ್ಳಗಿನ ಎಲುಬನ್ನಿಟ್ಟು ಸೊಳ್ಳೆಪರದೆ ಮುಚ್ಚಿದ್ದ. ಫಿನಾಯಿಲ್ ವಾಸನೆ ಬೇಲಿಯ ದಣಪೆಯವರೆಗೂ ಬಂದು ನಮ್ಮನ್ನು ಎದುರುಗೊಂಡಿತು.

“ಜೋಪಾನ ಅಂದಿದ್ರಲ್ಲ ಮೇಡಂ, ಬಿಸಿನೀರಲ್ಲಿ ತೊಳ್ದು ಇಟ್ಟಿದೀನಿ. ಒಂದೇ ಒಂದು ನೊಣ ಕೂರೋಕೆ ಬಿಟ್ಟಿಲ್ಲ ನೋಡಿ!”

“ನಂಗೆ ಜ್ವರ ಬಂದಾಗ ಇಷ್ಟು ಚಾಕರಿ ಮಾಡಿರ್ಲಿಲ್ಲ ಇವ್ರು” ಎಂದಳು ಒಳಗಿನಿಂದ ಅವನ ಹೆಂಡತಿ ನಾಗಿ.

ನಾಲ್ಕನೆಯ ಚಳಿಗಾಲವೂ ತೊಳೆದುಹೋಯಿತೆಂದು ನಾನು ಸಮಾಧಾನದ ಭಾಷಣವೊಂದನ್ನು ಮನಸ್ಸಿನಲ್ಲೇ ಹೊಂದಿಸತೊಡಗಿದೆ. ಮೇಡಂ, ನಾಗಿ ಕೊಟ್ಟ ಕಷಾಯವನ್ನು ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, “ಎರಡು ಹೇಳಿದ್ದೆ ಮಂಜ” ಎಂದರು.

ಮಂಜನ ಮುಖ ಸಣ್ಣದಾಯಿತು. “ತಪ್ಪಾಯ್ತು ಮೇಡಂ. ಇನ್ನೊಂದನ್ನ ಮೊದಲ ದಿನವೇ ನಾಯಿ ಹೊತ್ಕಂಡು ಹೋಯ್ತು.”

“ಎಲ್ಲಿಗೆ?”

ಗೊಬ್ಬರಗುಂಡಿಯ ಹಿಂದಿನ ಲಂಟಾನದ ಪೊದೆಗೆ. ಅರವತ್ತೆರಡರ ಆ ಹೆಂಗಸು ಮೊಣಕಾಲೂರಿ, ಕೋಟಿನ ತೋಳು ಮುಳ್ಳಿಗೆ ಹರಿಯುವುದನ್ನೂ ಲೆಕ್ಕಿಸದೆ ಪೊದೆಯೊಳಗೆ ನುಸುಳಿದರು. ನಾನು ಕರವಸ್ತ್ರದ ಹಿಂದಿನಿಂದ ನೈತಿಕ ಬೆಂಬಲ ನೀಡಿದೆ. ಹೊರಬಂದಾಗ ಅವರ ಕೈಯ ಸೀಸೆಯಲ್ಲಿ ಎರಡು ಕಿತ್ತಳೆ ತಲೆಗಳು ಗಾಜಿಗೆ ಡಿಕ್ಕಿ ಹೊಡೆಯುತ್ತಿದ್ದವು.

ಸಂಜೆ ಮನೆಗೆ ಬಂದು ಅವರು ಬಾಲದ ತುದಿಯ ಕೊಕ್ಕೆ ಹುಡುಕುತ್ತ ಸೂಕ್ಷ್ಮದರ್ಶಕದ ಮೇಲೆ ಬಹಳ ಹೊತ್ತು ಬಾಗಿ ಕೂತರು. ಕೊನೆಗೆ ತಡೆಯಲಾರದೆ “ಅದೇನಾ ಮೇಡಂ?” ಎಂದು ಕೇಳಿ, ಉತ್ತರವನ್ನೂ ನಾನೇ ಹೇಳಿಬಿಟ್ಟೆ: “ಹಾಗೆ ಕಾಣ್ತದೆ, ಅಲ್ವಾ?”

“ಹೌದು” ಎಂದರು. ಎಂದವರು ಕೋಟು ಬಿಚ್ಚಿ ಕುರ್ಚಿಗೆ ಹಾಕಿದರು. ಅವರನ್ನು ನಾನು ಕೋಟಿಲ್ಲದೆ ನೋಡಿದ್ದು ಅದೇ ಮೊದಲು.

ನಮ್ಮ ಬಳಗದಲ್ಲಿ ಎಲ್ಲ ವಿಷಯಕ್ಕೂ ಹೌದೆನ್ನುವವರು, ಓದದ ಪುಸ್ತಕಕ್ಕೂ ಮುನ್ನುಡಿ ಬರೆಯುವವರು ಧಾರಾಳವಾಗಿದ್ದೇವೆ. ಆದರೆ ಒಂದು ‘ಹೌದಿ’ಗಾಗಿ ನಾಲ್ಕು ಚಳಿಗಾಲ ಕೊಳೆತ ಎಲುಬು ಕಾಯುವ ಜನ, ಆ ನೊಣದ ಹಾಗೆಯೇ, ಅಳಿದುಹೋದರೆಂದು ನಾವು ಬರೆದಿಟ್ಟ ಮೇಲೂ ಎಲ್ಲೋ ಗೊಬ್ಬರಗುಂಡಿಯ ಹಿಂದೆ ತಮ್ಮ ಪಾಡಿಗೆ ಸುಖವಾಗಿರುತ್ತಾರೆ. ಈ ಉದಾತ್ತ ಚಿಂತನೆಯ ಭರದಲ್ಲಿ ನಾನೊಂದು ಪ್ರಶ್ನೆ ಕೇಳಿದೆ: “ಮೇಡಂ, ನಾನು ಹೋದಾಗ ನನ್ನ ಹತ್ತಿರಕ್ಕೂ ಇಂಥ ಅಪರೂಪದ ನೊಣವೊಂದು ಬಂದೀತೇ?”

“ಇಲ್ಲ. ನಿಮ್ಮನ್ನ ಸುಟ್ಟುಬಿಡ್ತಾರೆ.”