ಏಳನೇ ಹಾಡಿಗೆ ಸಾಣೆಯವನ ಪೀಪಿ

ಮೈತೆನ್‌ಳ ಆಲ್ಬಮ್ಮಿನ ಆರು ಹಾಡು ಮುಗಿದಿದ್ದವು. ಆರೂ ಎಷ್ಟು ದುಃಖದವೆಂದರೆ, ಕೇಳಲು ಕೂತ ಗೆಳೆಯನೊಬ್ಬ ಮೂರನೆಯದರ ನಡುವೆ ಎದ್ದುಹೋಗಿ ತನ್ನ ತಾಯಿಗೆ ಫೋನ್ ಮಾಡಿದ್ದ. ಗಿಟಾರಿನ ಜೊತೆಗೆ ಮುಚ್ಚಿಹೋದ ಚರ್ಚೊಂದರ ಹಾರ್ಮೋನಿಯಂ ಇತ್ತು, ನೀರು ತುಂಬಿದ ವೈನ್ ಬಾಟಲಿಗಳಿದ್ದವು, ಜೊತೆಗಾರ ಲಾವ್ತಾರೊ ಪಿಟೀಲಿನ ಕಮಾನಿನಿಂದ ಉಜ್ಜಿ ನುಡಿಸುವ ಗರಗಸವಿತ್ತು. ಏಳನೆಯ ಹಾಡಿಗೆ ಬೇಕಾದದ್ದು ಒಂದೇ, ಸಾಣೆ ಹಿಡಿಯುವ ಮುದುಕ ದೋನ್ ಒನೋಫ್ರೆಯ ಪೀಪಿ.

ಅಂಗೈಯಗಲದ ಪೀಪಿ. ಬೀದಿಯಲ್ಲಿ ಅವನು ಒಮ್ಮೆ ಊದಿದರೆ, ಬಂದರು ನಗರ ವಾಲ್ಪರೈಸೊದಲ್ಲಿ ಮೈತೆನ್‌ಳ ಮನೆಯಿದ್ದ ಗುಡ್ಡದ ಅರ್ಧ ಜನ ಚಾಕು ತೆಗೆಯಲು ಅಡುಗೆಮನೆಯ ಡ್ರಾಯರ್ ಎಳೆಯುತ್ತಿದ್ದರು. ಮೈತೆನ್‌ಳ ಅಮ್ಮನಂತೂ ಚಾಕುಗಳನ್ನು ಪೇಪರಿನಲ್ಲಿ ಸುತ್ತಿಕೊಂಡು, ಒಂದೇ ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು, ತೊಂಬತ್ತು ಮೆಟ್ಟಿಲು ಇಳಿದು ಓಡುತ್ತಿದ್ದಳು. ಅವಳು ಸತ್ತು ವರ್ಷವಾಗಿತ್ತು. ಮೈತೆನ್ ಅತ್ತಿರಲಿಲ್ಲ, ಹಾಡು ಬರೆದಿದ್ದಳು. ಆ ದನಿ ಒಂದು ನಿಮಿಷ ಶುದ್ಧವಾಗಿ ಸಿಕ್ಕರೆ ಸಾಕಿತ್ತು.

ಆದರೆ ದೋನ್ ಒನೋಫ್ರೆ ಮರುದಿನ ಬೆಳಿಗ್ಗೆ ಕಸುಬು ಬಿಟ್ಟು, ಉತ್ತರದಲ್ಲಿದ್ದ ಮಗಳ ಮನೆಗೆ ಹೊರಟಿದ್ದ. ಎರವಲು ತಂದ ರೆಕಾರ್ಡರ್ ಸಂಜೆ ಆರರ ಬಸ್ಸಿಗೆ ಸಾಂತಿಯಾಗೊಗೆ ಮರಳಬೇಕಿತ್ತು. ಆಗ ಎರಡು ಗಂಟೆ.

ಮುದುಕ ಏದುಸಿರು ಬಿಡುತ್ತ ಸಾಣೆ ಚಕ್ರವನ್ನೂ ಹೊತ್ತು ಮೈತೆನ್‌ಳ ಅಡುಗೆಮನೆಗೆ ಹತ್ತಿ ಬಂದ.

"ಪೀಪಿ ಒಂದೇ ಸಾಕು ಅಂದಿದ್ದೆನಲ್ಲ, ದೋನ್ ಒನೋಫ್ರೆ."

"ಸಾಣೆಕಲ್ಲಿಲ್ದೆ ಊದಿದ್ರೆ ಸುಳ್ಳು ಹೇಳಿದ ಹಾಗೆ ಮಗಳೇ. ಊದಿದ ಮೇಲೆ ಬಂದ ಚಾಕು ವಾಪಸ್ ಕಳಿಸೋ ಹಾಗಿಲ್ಲ. ನಮ್ಮಪ್ಪನೂ ಕಳಿಸಿಲ್ಲ." ಅವನ ಕಣ್ಣು ಮೂಲೆಯ ಗರಗಸದ ಮೇಲೆ ಬಿತ್ತು. "ಅದರ ಹಲ್ಲು ಮೊಂಡಾಗಿದೆಯಲ್ಲಪ್ಪ."

"ಅದು ವಾದ್ಯ," ಎಂದು ಲಾವ್ತಾರೊ ಗರಗಸವನ್ನು ಬೆನ್ನ ಹಿಂದೆ ಅಡಗಿಸಿದ.

ಅಡುಗೆಮನೆಯ ಕಿಟಕಿ ಮುಚ್ಚಿದರು. ದೋನ್ ಒನೋಫ್ರೆ ಊದಿದ. ಅರ್ಧ ನಿಮಿಷವಾಗಿರಲಿಲ್ಲ, ಯಾರೋ ಬಾಗಿಲು ಬಡಿದರು. ಪಕ್ಕದ ಮನೆಯ ದೋನ್ಯಾ ಮಿರೆಯಾ, ಕೈಯಲ್ಲಿ ಕತ್ತರಿ.

"ಏನೇ, ಒಳಗೇ ಕೂರಿಸ್ಕೊಂಡಿದೀಯ ಅವ್ರನ್ನ? ಒಬ್ಬಳೇ ಸಾಣೆ ಹಿಡಿಸ್ಕೊಳ್ಳೋಣ ಅಂತಲಾ?"

"ರೆಕಾರ್ಡಿಂಗ್ ನಡೀತಿದೆ, ದೋನ್ಯಾ ಮಿರೆಯಾ."

"ನಡೀಲಿ. ನಾನೇನು ಬೇಡ ಅಂದ್ನಾ? ಕತ್ತರಿ ಹರಿತ ಆಗೋವರೆಗೆ ನಿಲ್ಸು."

ಮುದುಕ ಆಗಲೇ ಚಕ್ರ ತುಳಿಯುತ್ತಿದ್ದ.

ಎರಡನೇ ಸಲ ಕಿಟಕಿಗೆ ಹಾಸಿಗೆ ಒರಗಿಸಿದರು. ಮೀನು ಮಾರುವವನು ಬಂದ. ಮೂರನೇ ಸಲ ಮೈತೆನ್ ಲಾವ್ತಾರೊನನ್ನು ಮೆಟ್ಟಿಲಿಗೆ ಕಾವಲು ಕಳಿಸಿದಳು. "ಯಾರನ್ನೂ ಬಿಡಬೇಡ." ಅವನು ಯಾರನ್ನೂ ಬಿಡಲಿಲ್ಲ. ಎಲ್ಲರ ಚಾಕುಗಳನ್ನು ತಾನೇ ಹೊತ್ತು ತಂದ. ಹನ್ನೊಂದಿದ್ದವು, ಜೊತೆಗೆ ಒಂದು ಕೊಡಲಿ.

"ಏನಯ್ಯಾ ಇದು?"

"ವಯಸ್ಸಾದವರು ಕಣೇ. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ."

ಹನ್ನೊಂದೂ ಹರಿತವಾಗುವಷ್ಟರಲ್ಲಿ ಐದು ದಾಟಿತ್ತು. ಇನ್ನೊಮ್ಮೆ ಊದಿದರೆ ಆಚೆ ಗುಡ್ಡದವರು ಬರುತ್ತಾರೆಂದು ಮೈತೆನ್‌ಗೆ ಖಾತ್ರಿಯಿತ್ತು. ಹೊರಗಿದ್ದವರು ತಾನೇ ಬರುವುದು, ಎಲ್ಲರೂ ಒಳಗಿದ್ದರೆ? ಅವಳು ಮೆಟ್ಟಿಲಿಗೆ ಹೋಗಿ ಕೂಗಿ ಕರೆದಳು.

ಹತ್ತೇ ನಿಮಿಷದಲ್ಲಿ ಅಡುಗೆಮನೆಯಲ್ಲಿ ಹತ್ತೊಂಬತ್ತು ಜನ ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು, ಬಹುಪಾಲು ಜನರ ಕೈಯಲ್ಲಿ ಮಿರಿಮಿರಿ ಚಾಕು. ಪೊಲೀಸರು ಆಗ ಬಂದಿದ್ದರೆ ಎಲ್ಲರನ್ನೂ ಒಟ್ಟಿಗೆ ಹಿಡಿದೊಯ್ಯುತ್ತಿದ್ದರು.

"ಕೆಮ್ಮಬೇಡಿ," ಎಂದಳು ಮೈತೆನ್. "ಕದಲಬೇಡಿ. ಇದೇ ಕೊನೇದು."

"ಸೀನು ಬಂದ್ರೆ?" ದೋನ್ಯಾ ಮಿರೆಯಾ ಕೇಳಿದಳು.

"ನುಂಗಿ."

ಲಾವ್ತಾರೊ ಗುಂಡಿ ಒತ್ತಿದ. ದೋನ್ ಒನೋಫ್ರೆ ಟೋಪಿ ತೆಗೆದಿಟ್ಟು ಊದಿದ. ದನಿ ಕೆಳಗಿನಿಂದ ಹತ್ತಿತು, ತುದಿಯಲ್ಲಿ ತುಸು ನಡುಗಿತು, ಮತ್ತೆ ಇಳಿಯಿತು. ಹತ್ತೊಂಬತ್ತು ಜನರಲ್ಲಿ ಒಬ್ಬರೂ ಉಸಿರಾಡಲಿಲ್ಲ. ಇಪ್ಪತ್ತು ಸೆಕೆಂಡು. ನಲವತ್ತು. ಲಾವ್ತಾರೊ ಹೆಬ್ಬೆರಳೆತ್ತಿ ತೋರಿಸಿದ.

ಆಗ ಡ್ರಾಯರ್ ಕಿರ್ರೆಂದಿತು.

ಅದು ಹಳೇ ಮರದ ಡ್ರಾಯರ್, ಎಳೆದರೆ ಅರ್ಧಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಇನ್ನೊಮ್ಮೆ ಜಗ್ಗಿದ್ದಕ್ಕೆ ಚಮಚಗಳೆಲ್ಲ ಝಲ್ಲೆಂದವು. ಎಲ್ಲರೂ ಸಿಟ್ಟಿನಿಂದ ತಿರುಗಿದರು. ಡ್ರಾಯರಿನ ಮುಂದೆ ನಿಂತಿದ್ದವಳು ಮೈತೆನ್. ಅಲ್ಲಿಗೆ ಹೋದದ್ದು, ಎಳೆದದ್ದು ಯಾವುದೂ ಅವಳಿಗೆ ತಿಳಿದಿರಲಿಲ್ಲ. ಕೈಯಲ್ಲಿ ಅಮ್ಮನ ಚಾಕು. ಒಂದು ವರ್ಷದಿಂದ ಅದು ಟೊಮೇಟೊ ಕೊಯ್ಯಲಾರದೆ ಹಿಚುಕುತ್ತಿತ್ತು. ಕಾಲಲ್ಲಿ ಒಂದೇ ಚಪ್ಪಲಿ.

ದೋನ್ ಒನೋಫ್ರೆ ಪೀಪಿಯನ್ನು ಜೇಬಿಗಿಳಿಸಿ ಕೈ ಚಾಚಿದ.

"ಕೊಡು ಮಗಳೇ."

"ರೆಕಾರ್ಡಿಂಗ್..."

"ಊದಿದ್ದೀನಲ್ಲ."

ಅವಳು ಕೊಟ್ಟಳು. ಅವನು ಚಕ್ರ ತುಳಿದ. ಕಲ್ಲಿಗೆ ಉಕ್ಕು ತಾಗಿ ಸುಂಯ್ ಎನ್ನುವಾಗ ಮೈತೆನ್ ನೆಲದ ಮೇಲೆ ಕೂತುಬಿಟ್ಟಳು. ಕದಲಬಾರದೆಂಬ ಆಜ್ಞೆ ಇನ್ನೂ ಇದ್ದುದರಿಂದ ಎಲ್ಲರೂ ನಿಂತಲ್ಲೇ ನಿಂತರು. ದೋನ್ಯಾ ಮಿರೆಯಾ ಮಾತ್ರ ಕತ್ತರಿಯನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಅವಳ ತಲೆ ಸವರಿದಳು, ಆಮೇಲೆ ಅದೇ ಏಪ್ರನ್ನಿನಿಂದ ಅವಳ ಮುಖ ಒರೆಸಿದಳು, ಸ್ವಲ್ಪ ಒರಟಾಗಿಯೇ. ಲಾವ್ತಾರೊ ರೆಕಾರ್ಡರ್ ನಿಲ್ಲಿಸುವುದನ್ನು ಮರೆತಿದ್ದ. ನೆನಪಾದಾಗ ಬಸ್ಸಿಗೆ ಹದಿನೈದು ನಿಮಿಷವಿತ್ತು.

ಇನ್ನೊಮ್ಮೆ ಊದಿಸಲು ಹೊತ್ತಿರಲಿಲ್ಲ. ಏಳನೆಯ ಹಾಡು ಹಾಗೆಯೇ ಹೋಯಿತು, ಡ್ರಾಯರ್, ಚಮಚ, ಚಕ್ರ ಎಲ್ಲ ಸೇರಿ. ಪತ್ರಿಕೆಯವರೊಬ್ಬರು ಡ್ರಾಯರಿನ ಸದ್ದನ್ನು ಅಪರೂಪದ ತಾಳವಾದ್ಯವೆಂದು ಬರೆದು, ಹೆಸರೇನೆಂದು ಕೇಳಿ ಕಳಿಸಿದರು.

ಆಲ್ಬಮ್ ಬಂದ ದಿನ ದೋನ್ಯಾ ಮಿರೆಯಾ ಆ ಹಾಡನ್ನು ಕಣ್ಣು ಮುಚ್ಚಿ ಪೂರ್ತಿ ಕೇಳಿದಳು.

"ಚೆನ್ನಾಗಿದೆ," ಎಂದಳು ಕೊನೆಗೆ. "ಆದ್ರೂ ಆ ಡ್ರಾಯರಿಗೆ ಒಂಚೂರು ಸೋಪು ಉಜ್ಜಬಾರ್ದಿತ್ತಾ?"