ಮುಟ್ಟದೆ ಅಳೆದ ಕಾಲು

"ಅಲ್ಲೇ ನಿಲ್ಲೋ ಬೋಳಿಮಗನೆ! ಹುಣಸೆಮರ ದಾಟಿದ್ರೆ ನೋಡು!"

ಆಸ್ಪತ್ರೆಯ ಜಗಲಿಯಿಂದ ಕಾಂಪೌಂಡರ್ ತೀರ್ಥಪ್ಪ ಕೂಗಿದ. ಮುದ್ದಪ್ಪ ಮರದ ಬುಡದಲ್ಲೇ ಕಂಕುಳ ಕೋಲು ಊರಿ ನಿಂತ. ಕೇರಿಯವರಿಗೆ ಆ ಮರವೇ ಆಸ್ಪತ್ರೆ. ಔಷಧಿಯನ್ನೂ ಅಲ್ಲಿಗೇ ತಂದು, ಸೀಸೆಗೆ ಮೇಲಿನಿಂದ ಸುರಿಯುತ್ತಿದ್ದರು.

"ಕಾಲೆತ್ತು. ಡಾಕ್ಟ್ರು ನೋಡ್ಬೇಕಂತೆ."

"ಯಾವ್ದು ಸಾಮಿ? ಇರೋದ್ನ ಎತ್ತಿದ್ರೆ ಬೀಳ್ತೀನಿ. ಇನ್ನೊಂದು ಎತ್ತೇ ಐತೆ."

ಜಗಲಿಯ ಮೇಲೆ ಕೂತಿದ್ದ ರೋಗಿಗಳಲ್ಲಿ ಯಾರೋ ನಕ್ಕರು. ನಕ್ಕದ್ದು ತಿಳಿಯದಿರಲೆಂದು ಕೆಮ್ಮಿದರು. ಕಿಟಕಿಯ ಒಳಗಿನಿಂದ ಡಾಕ್ಟರ್ ದ್ವಾರಕಾನಾಥರು ಒಂದು ಕಣ್ಣು ಮುಚ್ಚಿ, ಮೂವತ್ತು ಅಡಿ ದೂರದ ಮೋಟುಗಾಲನ್ನು ನಿರುಕಿಸಿದರು. ಪಿಂಚಣಿಯ ಕಾಗದದಲ್ಲಿ 'ಏಳು ಇಂಚು' ಎಂದು ಬರೆದರು. 'ನಾನೇ ಖುದ್ದಾಗಿ ಮುಟ್ಟಿ ಅಳೆದಿದ್ದೇನೆ' ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿದ್ದ ಸಾಲಿನ ಕೆಳಗೆ ಚಂದವಾಗಿ ರುಜು ಹಾಕಿದರು.

ಶಿವ ಕೊಟ್ಟ ಎರಡು ಕಾಲಿನಲ್ಲಿ ಒಂದನ್ನು ಮುದ್ದಪ್ಪ ಕಾಶ್ಮೀರದಲ್ಲಿ ಬಿಟ್ಟುಬಂದಿದ್ದ. ಪಲ್ಟನ್ನಿಗೆ ರಸ್ತೆ ಕಡಿಯುವಾಗ ನೆಲದೊಳಗೆ ಹೂತಿದ್ದ ಬಾಂಬು ಸಿಡಿದಿತ್ತು. ಅದಾಗಿ ಐದು ವರ್ಷ. ಮೊಣಕಾಲಿನ ಕೆಳಗೆ ಎಷ್ಟು ಉಳಿದಿದೆ ಎಂಬುದು ಗೊತ್ತಾದರೆ ಎಷ್ಟು ಪಿಂಚಣಿ ಎಂಬುದು ಗೊತ್ತಾಗುತ್ತದಂತೆ. ಅಲ್ಲಿಯವರೆಗೆ ಗೌಡರ ಕಣದಲ್ಲಿ ದ್ಯಾಮಮ್ಮ ದುಡಿದು ತಂದ ರಾಗಿಯೇ ಗಂಡಹೆಂಡಿರಿಬ್ಬರಿಗೂ ಆಧಾರ. ಈ ಸುಗ್ಗಿಯಲ್ಲಿ ಅವಳ ಸೊಂಟ ಬಗ್ಗಿದರೆ ಏಳದಂತಾಗಿತ್ತು. ಮುಂದಿನ ಸುಗ್ಗಿಗೆ ಅದು ಬಗ್ಗುವುದೂ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು, ಆಡಿರಲಿಲ್ಲ.

ಮೂರು ತಿಂಗಳಿಗೆ ಪಿಂಚಣಿ ಆಫೀಸಿನಿಂದ ಉತ್ತರ ಬಂತು. ಅಜ್ಜಂಪುರದಿಂದ ಟಪಾಲು ತರುವ ಈರಣ್ಣ ಕೇರಿಯ ಬಾಯಲ್ಲಿ ಸೈಕಲ್ಲು ನಿಲ್ಲಿಸಿ ಓದಿ ಹೇಳಿದ.

"ನೋಡಪ್ಪ ಮುದ್ದಪ್ಪ, ಹೋದ ವರ್ಷದ ಸರ್ಟಿಫಿಕೇಟಲ್ಲಿ ಮೂರು ಇಂಚು ಅಂತ ಬರ್ದವ್ರೆ. ಈ ವರ್ಷ ಏಳು. ಕಾಲು ಒಂದು ವರ್ಷಕ್ಕೆ ನಾಕು ಇಂಚು ಹೆಂಗೆ ಬೆಳೀತು ಅಂತ ಕೇಳವ್ರೆ."

"ಹೋದ ವರ್ಷ ಮೋಡ ಆಗಿತ್ತಲ್ಲ, ಡಾಕ್ಟ್ರಿಗೆ ಸರಿಯಾಗಿ ಕಾಣ್ಲಿಲ್ಲ."

ಅಲ್ಲೇ ಮನೆಯ ಮುಂದಿನ ಒರಳಲ್ಲಿ ಕುಟ್ಟುತ್ತಿದ್ದ ದ್ಯಾಮಮ್ಮ ಒನಕೆ ಬಿಡದೆಯೇ ಅಂದಳು: "ಬಿಡು, ಚಿಂತೆ ಯಾಕೆ? ಹಿಂಗೇ ಇನ್ನೆರಡು ಸಲ ತೋರಿಸ್ಕೊಂಡು ಬಾ. ಪಾದ ಮೂಡ್ತಲೇ ಮೆಟ್ಟು ಹೊಲಿಸಾನ."

"ಪಾದ ಮೂಡಿದ್ರೆ ಮೊದ್ಲು ನಿನ್ನ ಬಿಟ್ಟು ಓಡೋಗ್ತೀನಿ ಕಣೇ."

"ಓಡು. ಗಂಜಿ ಹೊತ್ತಿಗೆ ಬತ್ತೀಯ."

ಈರಣ್ಣ ನಗಲಿಲ್ಲ. ಕಾಗದದಲ್ಲಿ ಇನ್ನೊಂದು ಸಾಲಿತ್ತು. ಹೊಸದಾಗಿ ಸರಿಯಾಗಿ ಅಳೆಸಿ ಕಳಿಸಬೇಕು, ಆ ಅಳತೆಯೂ ತಪ್ಪೆಂದು ಕಂಡರೆ ಅರ್ಜಿಯನ್ನು ವಜಾ ಮಾಡಲಾಗುವುದು. ಒನಕೆ ನಿಂತಿತು.

ಉಪಾಯ ದ್ಯಾಮಮ್ಮನದೇ. ಪುಂಡಿನಾರಿನ ಹುರಿಯೊಂದನ್ನು ಹೊಸೆದು, ಮೊಣಕಾಲಿನಿಂದ ಮೋಟಿನ ತುದಿಯವರೆಗೆ ಹಿಡಿದು, ಎರಡೂ ಕಡೆ ಗಂಟು ಹಾಕಿದಳು. ಈರಣ್ಣ ತನ್ನ ಮಗನ ಅಡಿಪಟ್ಟಿ ತಂದು ನೆಲದ ಮೇಲಿಟ್ಟ. ಗಂಟಿನಿಂದ ಗಂಟಿಗೆ ಸರಿಯಾಗಿ ಐದು ಇಂಚು. ಅಂತರಘಟ್ಟೆ ಅಮ್ಮನಿಗೆ ನಿಂತಲ್ಲಿಂದಲೇ ಕೈಮುಗಿದು, ಮರುದಿನ ಗಂಡಹೆಂಡಿರು ಆಸ್ಪತ್ರೆಗೆ ನಡೆದರು.

ಹುಣಸೆಮರದಡಿಯಿಂದ ಮುದ್ದಪ್ಪ ಹುರಿ ತೋರಿಸಿದ. "ಸಾಮಿ, ನನ್ನ ಮುಟ್ಟೋದು ಬ್ಯಾಡ. ಇದನ್ನ ಅಳೀರಿ ಸಾಕು."

ಡಾಕ್ಟರಿಗೆ ಸಂತೋಷವಾಯಿತು. "ಜಾಣ ಕಣಯ್ಯ ನೀನು. ಅಲ್ಲಿ ಕಲ್ಲಿನ ಮೇಲಿಟ್ಟು ಹಿಂದಕ್ಕೆ ಸರಿ. ತೀರ್ಥಪ್ಪ, ಚೆನ್ನಾಗಿ ನೀರು ಹಾಕಿ ತಗೊಂಡು ಬಾ."

ತೀರ್ಥಪ್ಪ ಒಂದಲ್ಲ, ಮೂರು ಚೊಂಬು ನೀರು ಸುರಿದ. ಮೈಲಿಗೆ ಹೋಗಲೆಂದು ತಿರುವಿ ತಿರುವಿ ಸುರಿದ. ಮುದ್ದಪ್ಪ ಬಾಯಿ ತೆರೆದ.

"ಸಾಮಿ, ನಾರು ನೆಂದ್ರೆ ಗಿಡ್ಡ ಆಯ್ತದೆ. ಮಂಚದ ಹುರಿಗೆ ನೀರು ಚಿಮುಕ್ಸಿದ್ರೆ ಬಿಗಿಯಾಗಾಕಿಲ್ವ?"

"ಡಾಕ್ಟ್ರಿಗೆ ಪಾಠ ಹೇಳ್ತೀಯೇನೋ? ಮುಚ್ಚೋ ಬಾಯಿ!" ಅಂದ ತೀರ್ಥಪ್ಪ. ತೊಟ್ಟಿಕ್ಕುವ ಹುರಿಯನ್ನು ಎರಡು ಬೆರಳಲ್ಲಿ ಹಿಡಿದು ಒಳಗೆ ಹೋದ.

ಡಾಕ್ಟರು ಟೇಪು ಹಿಡಿದು ಅಳೆದರು. ಜಗಲಿಗೆ ಕೇಳುವಂತೆ ಹೇಳಿಕೊಂಡೇ ಬರೆಯತೊಡಗಿದರು: "ನಾಲ್ಕೂಕಾಲು ಇಂಚು."

ಮೂರು. ಏಳು. ಈಗ ನಾಲ್ಕೂಕಾಲು. ಮುದ್ದಪ್ಪ ಹೆಂಡತಿಯ ಮುಖ ನೋಡಿದ. ದ್ಯಾಮಮ್ಮ ಎರಡೂ ಕೈಗಳಿಂದ ಸೊಂಟ ಹಿಡಿದು ನಿಂತಿದ್ದವಳು, ಮೆಲ್ಲಗೆ ಗದ್ದ ಎತ್ತಿ ಆಸ್ಪತ್ರೆಯ ಮೆಟ್ಟಿಲನ್ನು ತೋರಿಸಿದಳು.

"ಹೋಗು. ಮೂರೇ ಮೆಟ್ಲು. ಅಷ್ಟು ದೂರದ ಕಾಶ್ಮೀರಕ್ಕೆ ಹೋಗಿದ್ದವ್ನು."

ಮುದ್ದಪ್ಪ ಮರ ದಾಟಿದ. ಮೊದಲ ಮೆಟ್ಟಿಲಿನಲ್ಲಿ ತೀರ್ಥಪ್ಪ "ಲೇ ಲೇ ಲೇ" ಅನ್ನತೊಡಗಿದ. ಮೂರನೆಯದರಲ್ಲಿ ಅವನೇ ಗೋಡೆಗೆ ಅಂಟಿಕೊಂಡ. ಅಡ್ಡ ನಿಲ್ಲಬೇಕಾದರೆ ತಾಗಬೇಕಾಗುತ್ತಿತ್ತು. ಕೂತಿದ್ದ ರೋಗಿಗಳು ಕಾಲು ಮಡಚಿಕೊಂಡರು. ಒಬ್ಬಳು ಮುದುಕಿ ಮಾತ್ರ, "ನಿಧಾನ ಕಣಪ್ಪ, ನೆಲ ಜಾರ್ತೈತೆ" ಅಂದಳು.

ಮುದ್ದಪ್ಪ ಮೇಜಿನ ಮುಂದೆ ನಿಂತ. ಕೋಲನ್ನು ಗೋಡೆಗೆ ಆನಿಸಿ, ಒಂದು ಕೈಯಲ್ಲಿ ಮೇಜಿನ ಅಂಚು ಹಿಡಿದು, ಮೊಣಕಾಲು ಸಮೇತ ಮೋಟುಗಾಲನ್ನೆತ್ತಿ ಅರ್ಧ ಬರೆದಿದ್ದ ಕಾಗದದ ಮೇಲೆಯೇ ಇಟ್ಟ.

"ಅಳೀರಿ ಸಾಮಿ."

ಡಾಕ್ಟರ ಕುರ್ಚಿ ಕಿರ್ರೆಂದು ಹಿಂದಕ್ಕೆ ಸರಿಯಿತು. "ತೆಗಿ! ತೆಗಿಯೋ ಅದನ್ನ!"

"ನಂಗೆ ಆಗಾಕಿಲ್ಲ ಸಾಮಿ. ಎತ್ತಿ ಇಟ್ಟಿದ್ದೇ ಹೆಚ್ಚು. ನೀವೇ ತೆಗೀರಿ."

"ತೀರ್ಥಪ್ಪ!"

ತೀರ್ಥಪ್ಪ ಬಾಗಿಲವರೆಗೆ ಬಂದ, ಒಳಗೆ ಬರಲಿಲ್ಲ. ಡಾಕ್ಟರು ಕಾಗದದ ತುದಿಯನ್ನು ಹಿಡಿದು ಎಳೆದರು. ಸರ್ಕಾರದ ಕಾಗದ, ಅಂಚಿನಲ್ಲಿ ಸಣ್ಣಗೆ ಹರಿಯಿತು. ಎಳೆಯುವುದನ್ನು ನಿಲ್ಲಿಸಿದರು. ಕಾಗದ ಬೇಕಾದರೆ ಕಾಲನ್ನು ಎತ್ತಬೇಕು. ಎತ್ತಬೇಕಾದರೆ ಮುಟ್ಟಬೇಕು.

ಮುದ್ದಪ್ಪ ಒಂಟಿ ಕಾಲಿನ ಮೇಲೆ, ಅಲುಗದೆ, ಕಾಯುತ್ತ ನಿಂತ.